ಒಂಬತ್ತು ಕುರ್ಚಿ

ಮೊನ್ನೆ ಮೊಮ್ಮಗಳ ಮದುವೆಯಲ್ಲಿ ಮದುಮಗಳ ಕೋಣೆಗೆ ಕಾಲಿಟ್ಟೆ, ಸ್ನೋ ವಾಸನೆ ಮೂಗಿಗೆ ಬಡಿಯಿತು. ಈಗ ಅದಕ್ಕೆ ಏನೇನೋ ಹೆಸರುಗಳಿವೆ. ಸಿಂಗರಿಸಲು ಬಂದಿದ್ದ ಹುಡುಗಿ ಹೇಳಿದಳು, ನನ್ನ ಕಿವಿಯಲ್ಲಿ ನಿಲ್ಲಲಿಲ್ಲ. ನಮ್ಮ ಕಾಲದಲ್ಲಿ ಅದು ಬರೀ ಸ್ನೋ. ಗಾಜಿನ ಗುಂಡು ಡಬ್ಬಿ, ತಗಡಿನ ಮುಚ್ಚಳ, ಒಳಗೆ ಮುಖಕ್ಕೆ ಹಚ್ಚುವ ಬೆಣ್ಣೆಯಂಥ ಬಿಳಿ ಮುದ್ದೆ. ಬೇರೆ ಹೆಂಗಸರಿಗೆ ಆ ವಾಸನೆಯಿಂದ ತಮ್ಮ ಮದುವೆ ನೆನಪಾಗಬಹುದು. ನನಗೆ ಒಬ್ಬ ಗಂಡಸು ನೆನಪಾಗುತ್ತಾರೆ. ಹೀಗೆಂದರೆ ಸೊಸೆಯಂದಿರು ಮುಖ ಮುಖ ನೋಡಿಕೊಳ್ಳುತ್ತಾರೆ, ಅದಕ್ಕೇ ಪೂರ್ತಿ ಬರೆದೇ ಬಿಡೋಣವೆಂದು ಕುಳಿತಿದ್ದೇನೆ.

ದೊಡ್ಡ ಯುದ್ಧ ಮುಗಿದ ಮರುವರ್ಷ ನಾನು ಕುಷ್ಟಗಿಯಿಂದ ಕೊಪ್ಪಳಕ್ಕೆ ಸೊಸೆಯಾಗಿ ಬಂದೆ. ಆಗಿನ್ನೂ ನಿಜಾಮನ ಆಡಳಿತ. ಮಾವನವರು ಕಚೇರಿಯಲ್ಲಿ ಉರ್ದು ದಫ್ತರ ನೋಡುವ ಗುಮಾಸ್ತರು, ನನ್ನ ಯಜಮಾನರು ಶಾಲೆಯಲ್ಲಿ ಪಾಠ ಹೇಳುತ್ತಿದ್ದರು. ನಮ್ಮ ಹಿತ್ತಲ ಗೋಡೆಯ ಆಚೆ ಊದುವವರ ಓಣಿ. ಸನಾದಿ ಊದುವವರು, ಹಲಗೆ ಬಾರಿಸುವವರು ಎಲ್ಲ ಅಲ್ಲಿದ್ದರು. ನಾವು ಆ ಕಡೆ ಹೋಗುವುದಿಲ್ಲ, ಅವರು ನಮ್ಮ ಕಟ್ಟೆ ಹತ್ತುವುದಿಲ್ಲ. ಆದರೆ ಮಾಳಿಗೆಯ ಮೇಲೆ ಸಂಡಿಗೆ ಒಣಹಾಕಲು ಹೋದರೆ ಅವರ ಅಂಗಳವೆಲ್ಲ ಕಾಣುತ್ತಿತ್ತು, ಕಾಣಬಾರದೆಂದು ನನಗೆ ಯಾರೂ ಹೇಳಿರಲಿಲ್ಲ.

ಗೋಡೆಗೆ ಹತ್ತಿದ ಮೊದಲ ಮನೆಯಲ್ಲಿ ಬ್ಯಾಂಡ್ ಮಾಸ್ತರು ಇದ್ದರು. ನಲವತ್ತರ ಆಸುಪಾಸು, ಒಬ್ಬರೇ ಇರುತ್ತಿದ್ದರು. ಮುಂಬೈಯಿಂದ ಬರುವಾಗ ಒಂದು ಕಪ್ಪು ಪೆಟ್ಟಿಗೆ ಮತ್ತು ಒಂದು ಬಿಳಿ ಕೋಟು ಬಿಟ್ಟು ಬೇರೇನೂ ತಂದಿರಲಿಲ್ಲವಂತೆ. ನಾನು ಬರುವ ಮೊದಲೇ ಅವರ ಬಗ್ಗೆ ಊರಲ್ಲಿ ಒಂದು ಸುದ್ದಿ ಹುಟ್ಟಿತ್ತು. ಅದನ್ನು ನನ್ನ ಕಿವಿಗೆ ಹಾಕಿದವರು ನಮ್ಮ ಅತ್ತೆ.

"ಮೀಸಿ ಹೊತ್ತ ಗಂಡಸು ತಿಂಗಳಿಗೊಂದು ಸ್ನೋ ಡಬ್ಬಿ ಒಯ್ತಾನ ಅಂದ್ರ ಯಾರಿಗಂತ ಒಯ್ತಾನ? ಗಂಗಾವತ್ಯಾಗ ಯಾವಾಕಿನ್ನೋ ಇಟ್ಕೊಂಡಾನ. ಆ ಕಡೆ ಹೊಳ್ಳಿ ನೋಡಬ್ಯಾಡ."

ನೋಡಬೇಡ ಎಂದ ಮೇಲೆ ನೋಡದೆ ಇರುವ ವಯಸ್ಸು ನನ್ನದಾಗಿರಲಿಲ್ಲ. ಒಂದು ಬೆಳಿಗ್ಗೆ ಮಾಳಿಗೆಯಿಂದ ಕಂಡೆ. ಮಾಸ್ತರು ಪೆಟ್ಟಿಗೆ ತೆರೆದು ಹಿತ್ತಾಳೆಯ ಉದ್ದನೆಯ ಪೀಪಿ ಹೊರತೆಗೆದರು. ಅದಕ್ಕೆ ಎರಡು ಜೋಡಿ ಕೊಳವೆ, ಒಂದರೊಳಗೊಂದು ಸೇರಿಕೊಂಡು ಮುಂದೆ ಹಿಂದೆ ಜಗ್ಗಲು ಬರುತ್ತದೆ. ಅದರ ಹೆಸರು ಟ್ರೊಂಬೋನ್ ಎಂದು ತಿಳಿದದ್ದು ಎಷ್ಟೋ ವರ್ಷಗಳ ನಂತರ, ಊರವರ ಬಾಯಲ್ಲಿ ಅದು ಜಗ್ಗುವ ಪೀಪಿ. ಮಾಸ್ತರು ಒಳಕೊಳವೆಗೆ ಬೆರಳ ತುದಿಯಿಂದ ಸ್ನೋ ಸವರಿದರು, ಮೇಲೆ ನೀರು ಚಿಮುಕಿಸಿದರು. ನಾನು ಮಾಳಿಗೆಯ ಮೇಲೆ ಒಬ್ಬಳೇ ನಿಂತು ಗಟ್ಟಿಯಾಗಿ ನಕ್ಕುಬಿಟ್ಟೆ. ಅವರು ತಲೆ ಎತ್ತಿ ನೋಡಿದರು.

"ಇದು ಮಾರಿಗೆ ಹಚ್ಚೂದಲ್ರಿ ತಾಯಿ" ಎಂದರು, ನನ್ನ ನಗುವಿನ ಕಾರಣ ಅವರಿಗೂ ಗೊತ್ತಿದ್ದಂತಿತ್ತು. "ಎಣ್ಣಿ ಹಚ್ಚಿದ್ರ ಜಿಗಟ ಆಗತೈತಿ, ಕೈ ಓಡೂದಿಲ್ಲ. ಇದನ್ನ ಹಚ್ಚಿದ್ರ ನೀರಿನಂಗ ಓಡತೈತಿ. ಊರಿಗೆ ಹೇಳಿದ್ರ ನಂಬೂದಿಲ್ಲ, ಅದಕ್ಕ ಸುಮ್ಮನಿದ್ದೀನಿ."

ಅತ್ತೆಗೆ ಹೇಳಿದೆ. ಅವರೂ ನಂಬಲಿಲ್ಲ.

ಅಂದಿನಿಂದ ನನಗೂ ಮಾಸ್ತರಿಗೂ ಗೋಡೆಯ ಮಾತು ಶುರುವಾಯಿತು. ನಮ್ಮ ಮನೆಯಲ್ಲಿ ಎಲ್ಲರೂ ಅವರನ್ನು ಏಕವಚನದಲ್ಲೇ ಕರೆಯುತ್ತಿದ್ದರು. ನಾನು 'ರಿ' ಹಚ್ಚಿ ಮಾತಾಡಿದ್ದಕ್ಕೆ ಅವರು ಒಮ್ಮೆ ಹಿಂದೆ ತಿರುಗಿ ನೋಡಿದ್ದರು, ಬೇರೆ ಯಾರಿಗೋ ಹೇಳುತ್ತಿದ್ದೇನೆಂದು ತಿಳಿದು.

ಅವರ ಕಥೆಯನ್ನು ತುಂಡು ತುಂಡಾಗಿ ಕೇಳಿದ್ದೇನೆ. ತಂದೆ ಸನಾದಿಯವರು. ಹುಡುಗನಿದ್ದಾಗ ಸೋದರಮಾವ ಹೈದರಾಬಾದಿಗೆ ಕರೆದೊಯ್ದು ನಿಜಾಮನ ಕುದುರೆ ದಂಡಿನ ಬ್ಯಾಂಡಿಗೆ ಸೇರಿಸಿದರಂತೆ. ಅಲ್ಲಿ ಹುಡುಗರನ್ನು ಸಾಲಾಗಿ ನಿಲ್ಲಿಸಿ ಯಾರ ತೋಳು ಉದ್ದವೋ ಅವರಿಗೆ ಜಗ್ಗುವ ಪೀಪಿ ಕೊಟ್ಟರು. ಇವರ ತೋಳು ಮೊಣಕಾಲು ಮುಟ್ಟುವಷ್ಟಿತ್ತು. ಬರೆದ ಸ್ವರ ಓದುವುದನ್ನು ಅಲ್ಲಿ ಕಲಿತು ಮುಂಬೈಗೆ ಹೋದರು. ಸಮುದ್ರದ ದಂಡೆಯ ಹೋಟೆಲಿನಲ್ಲಿ ಸಾಹೇಬರು ಕುಣಿಯಲು ಊದುವ ಕೆಲಸ. ಅಮೆರಿಕದಿಂದ ಬಂದ ಕರಿಯ ಬಣ್ಣದ ವಾದ್ಯಗಾರರೊಬ್ಬರು ಅಲ್ಲಿ ಎರಡು ಚಳಿಗಾಲ ಇದ್ದರು. ಪೀಪಿಯ ಬಾಯಿಗೆ ಬಟ್ಟಲು ಹಿಡಿದು, ತೆರೆದು ಮುಚ್ಚಿ, ಅದನ್ನು ಮನುಷ್ಯರಂತೆ ಮಾತಾಡಿಸುವುದನ್ನು ಕಲಿಸಿದ್ದು ಅವರೇ. ಜಾಝ್ ಎಂಬ ಶಬ್ದವನ್ನು ನಾನು ಮೊದಲು ಕೇಳಿದ್ದು ನಮ್ಮ ಹಿತ್ತಲಲ್ಲಿ, ಸಗಣಿ ತಟ್ಟುತ್ತ.

ಯುದ್ಧ ಬಂದಾಗ ಹೊರದೇಶದ ವಾದ್ಯಗಾರರು ಊರು ಬಿಟ್ಟರು. ಹೋಟೆಲು ತುಂಬ ಸಿಪಾಯಿಗಳು, ದಿನವೂ ಕುಣಿತ. ಬ್ಯಾಂಡಿನ ಮುಂದಾಳತ್ವ ಇವರ ಕೈಗೆ ಬಂತು, ಹದಿನಾಲ್ಕು ಮಂದಿಯ ಬ್ಯಾಂಡು. ಬಾಗಿಲ ಬೋರ್ಡಿನ ಮೇಲೆ ಮಾತ್ರ ಹೋಟೆಲಿನವರು ಯಾವುದೋ ಬಿಳಿ ದೊರೆಯ ಹೆಸರು ಬರೆಸಿದ್ದರಂತೆ. ಕೊಪ್ಪಳದವನ ಹೆಸರು ಓದಿ ಯಾರು ಒಳಗೆ ಬರುತ್ತಾರೆ? ಸಿಪಾಯಿಗಳು ಹಡಗು ಹತ್ತಿದರು, ಹೋಟೆಲಿಗೆ ಬ್ಯಾಂಡು ಬೇಡವಾಯಿತು, ಮಾಸ್ತರು ರೈಲು ಹತ್ತಿದರು. ಇಷ್ಟನ್ನೂ ಅವರು ಯಾರನ್ನೂ ಬೈಯದೆ ಹೇಳಿದ್ದರು, ನನಗೇ ಸಿಟ್ಟು ಬಂದಿತ್ತು.

ಒಂದು ಫೋಟೋ ತೋರಿಸಿದ್ದರು. ಎರಡು ಸಾಲು ಕುರ್ಚಿ, ಬಿಳಿ ಕೋಟಿನ ಹದಿಮೂರು ಮಂದಿ ಕುಳಿತಿದ್ದಾರೆ, ಮುಂದೆ ಇವರು ನಿಂತಿದ್ದಾರೆ.

"ನೀವಷ್ಟ ಯಾಕ ನಿಂತೀರಿ? ಕುರ್ಚಿ ಸಾಲಲಿಲ್ಲೇನ್ರಿ?" ಎಂದು ಕೇಳಿದೆ.

ಅವರು ನಗಲಿಲ್ಲ. "ಈ ಬಾಜಾದಾಗ ನಡಸಾಂವ ಮುಂದ ನಿಂದರಬೇಕ್ರಿ, ಉಳಿದಾವ್ರು ಎಲ್ಲಾರೂ ಕೂಡೇ ಕುಂತು ಊದಬೇಕು. ಪಾಳಿ ಬಂದಾವ ಎದ್ದು ನಿಂತು ತನ್ನ ಮಾತು ಹೇಳಬೇಕು, ಹೇಳಿ ಕುಂದರಬೇಕು. ಮೊದಲಽ ಎಲ್ಲಾರೂ ನಿಂತಿದ್ರ ಯಾರ ಪಾಳಿ ಬಂತಂತ ಹೆಂಗ ಗೊತ್ತಾಗಬೇಕು?"

ನಮ್ಮ ಕಡೆ ಲಗ್ನದ ವಾದ್ಯದವರು ಕುಳಿತದ್ದನ್ನು ನಾನು ನೋಡಿರಲಿಲ್ಲ. ಹಂದರದ ಹೊರಗೆ ಕಂಬಕ್ಕೆ ಆತು ನಿಲ್ಲುತ್ತಿದ್ದರು, ಬಹಳವಾದರೆ ನೆಲದ ಮೇಲೆ ಕುಕ್ಕರಗಾಲಿನಲ್ಲಿ. ಅದು ಕಣ್ಣಿಗೆ ಎಷ್ಟು ರೂಢಿಯಾಗಿತ್ತೆಂದರೆ, ಅವರಿಗೂ ಕಾಲು ನೋಯುತ್ತದೆ ಎಂದು ಎಂದೂ ಅನ್ನಿಸಿರಲಿಲ್ಲ.

ಮಾಸ್ತರು ಓಣಿಯ ಒಂಬತ್ತು ಮಂದಿಯನ್ನು ಕೂಡಿಸಿದರು. ಸನಾದಿಯ ಮುದುಕನ ಕೈಗೆ ಕ್ಲಾರಿನೆಟ್ ಬಂತು, ಹಲಗೆಯವರು ಡ್ರಮ್ಮಿಗೆ ಕುಳಿತರು. ಕುರ್ಚಿ ಎಲ್ಲಿಂದ ತರಬೇಕು? ಕೋಟೆ ಗುಡ್ಡದ ಬುಡದಲ್ಲಿ ಬೇಕಾದಷ್ಟು ಬಂಡೆಗಳಿವೆ. ಎರಡು ಸಾಲಾಗುವಂತೆ ಬಂಡೆ ಆರಿಸಿ, ದಿನಾ ಸಂಜೆ ಅವುಗಳ ಮೇಲೆ ಕೂರಿಸಿ ಕಲಿಸುತ್ತಿದ್ದರು. ಲಗ್ನದ ಹಾಡುಗಳು ಹೇಗೂ ಬರುತ್ತಿದ್ದವು. ಅವುಗಳ ಜೊತೆ ಒಂದು ಹೊಸ ಬಾಜಾ ಕಟ್ಟುತ್ತಿದ್ದರು, ಮುಂಬೈಯದು ಅರ್ಧ, ತಂದೆಯ ಸನಾದಿಯದು ಅರ್ಧ. ಸಂಜೆ ಒಣಗಿದ ಬಟ್ಟೆ ತರುವ ನೆಪದಲ್ಲಿ ನಾನು ಮಾಳಿಗೆ ಹತ್ತುತ್ತಿದ್ದೆ. ದೂರದಲ್ಲಿ ಒಬ್ಬೊಬ್ಬರೇ ಬಂಡೆಯಿಂದ ಎದ್ದು ನಿಲ್ಲುವುದು, ಊದಿ ಕೂರುವುದು... ಕೊನೆಗೆ ಮಾಸ್ತರ ಪೀಪಿ ಬಟ್ಟಲಿನ ಸಂದಿಯಿಂದ ಯಾರನ್ನೋ ಕರೆದಂತೆ ಮೆಲ್ಲಗೆ ಏಳುತ್ತಿತ್ತು. ನನಗೆ ತವರು ನೆನಪಾಗಿ ಅಳು ಬರುತ್ತಿತ್ತು, ಯಾಕೆಂದು ಇವತ್ತಿಗೂ ಹೇಳಲಾರೆ.

ಅಷ್ಟರಲ್ಲಿ ನಮ್ಮ ಮೈದುನನ ಲಗ್ನ ಗೊತ್ತಾಯಿತು. ಹೆಣ್ಣಿನ ಕಡೆಯವರು ಗಂಗಾವತಿಯವರು, ಲಗ್ನ ನಮ್ಮ ಮನೆಯಲ್ಲಿ. ವಾದ್ಯ ಮಾಸ್ತರದೇ ಎಂದಾಯಿತು. ಅಂದು ಅವರೇ ಗೋಡೆಯ ಹತ್ತಿರ ಬಂದು ಕರೆದರು.

"ಊರಾಗ ಈ ಬಾಜಾ ಒಮ್ಮೆ ಕೇಳಸಬೇಕಂತ ಭಾಳ ಆಸೆ ಐತ್ರಿ ತಾಯಿ. ಬೀಗರನ್ನ ಇದಿರುಗೊಂಡು ಬರೂವಾಗ ರೂಢಿಯಂಗ ನಿಂತಽ ಊದತೀವಿ. ಹಂದರದಾಗ ಅಕ್ಕಿಕಾಳು ಬಿದ್ದ ಮ್ಯಾಲ ಒಂದಽ ಒಂದು ಸಲ. ಒಂಬತ್ತು ಕುರ್ಚಿ ಬೇಕು, ಮತ್ತೇನೂ ಬ್ಯಾಡ."

"ನಾ ಕೊಡಸ್ತೀನ್ರಿ. ಇದು ನನ್ನ ಮಾತು" ಎಂದೆ.

ಹದಿನೆಂಟು ತುಂಬದ ಸೊಸೆಯ ಮಾತು! ಆದರೂ ಯಜಮಾನರ ಬೆನ್ನು ಹತ್ತಿದೆ, ಅವರು ಮಾವನವರನ್ನು ಕೇಳಿದರು. ಮಾವನವರು ಒಳ್ಳೆಯ ಮನಸ್ಸಿನವರು. "ಕುಂದರ್ಲಿ ಬಿಡು, ಕುರ್ಚಿ ಸವಿತಾವೇನು?" ಎಂದುಬಿಟ್ಟರು. ಶಾಲೆಯಿಂದ ಮೂರು ಬಂದವು, ವಕೀಲರ ಮನೆಯಿಂದ ಎರಡು, ಹಕೀಮರ ಮನೆಯಿಂದ ಎರಡು, ಸ್ಟೇಷನ್ನಿನ ಬಾಬುಗಳಿಂದ ಒಂದು, ಬೆತ್ತ ಹರಿದ ನಮ್ಮ ಮನೆಯದೊಂದು. ಲಗ್ನದ ಬೆಳಿಗ್ಗೆ ನಾನೇ ನಿಂತು ಹಂದರದ ಬಲಮಗ್ಗುಲಿಗೆ ಎರಡು ಸಾಲು ಮಾಡಿ ಇಡಿಸಿದೆ. ಉಳಿದವರಿಗೆಲ್ಲ ಎಂದಿನಂತೆ ಜಮಖಾನೆ.

ಬೀಗರ ಚಕ್ಕಡಿಗಳು ಬಂದ ಸುದ್ದಿಗೆ ಮಾಸ್ತರೂ ಅವರ ಮಂದಿಯೂ ಇದಿರುಗೊಳ್ಳಲು ಹೋದರು. ಎಲ್ಲರೂ ಒಗೆದ ಬಿಳಿ ಅಂಗಿ ಹಾಕಿದ್ದರು. ಮಾಸ್ತರು ಮುಂಬೈಯ ಕೋಟು ತೊಟ್ಟಿದ್ದರು.

ಪದ್ಧತಿಯಂತೆ ಬೀಗರು ಮೊದಲು ಹಂದರದೊಳಗೆ ಬಂದರು, ವಾದ್ಯದವರು ಹಿಂದಿನಿಂದ. ನಾನು ಬೆಲ್ಲ ನೀರಿನ ತಾಟು ಹಿಡಿದು ಎದುರಿಗೆ ನಿಂತಿದ್ದೆ. ಹೆಣ್ಣಿನ ದೊಡ್ಡಪ್ಪ ದೊಡ್ಡ ರುಮಾಲಿನವರು, ಒಳಗೆ ಬಂದವರೇ ಕುರ್ಚಿಗಳ ಮುಂದೆ ನಿಂತರು. ಮದುವೆ ಹಂದರದಲ್ಲಿ ಎರಡು ಸಾಲು ಕುರ್ಚಿ ಹಾಕಿದ್ದಾರೆಂದರೆ ಯಾರಿಗೆ ಹಾಕಿರುತ್ತಾರೆ? ಅವರ ತಪ್ಪೇನೂ ಇರಲಿಲ್ಲ. ಮುಖವೆಲ್ಲ ಅರಳಿಸಿಕೊಂಡು ನನ್ನನ್ನೇ ಕೇಳಿದರು.

"ಏನವ್ವಾ, ಇವು ನಮಗೇನು?"

ಒಂದು ಮಾತು ಸಾಕಿತ್ತು. ಅಲ್ರಿ, ಅವು ವಾದ್ಯದವರಿಗೆ ಅನ್ನಬೇಕಿತ್ತು. ಬೀಗರ ಮುಂದೆ, ಅತ್ತೆಯ ಮುಂದೆ, ತಾಟು ಹಿಡಿದ ಸೊಸೆಯ ಬಾಯಿಂದ ಆ ಮಾತು ಹೊರಡಬೇಕಿತ್ತು.

"ಹೌದ್ರಿ ಮಾವಾರ, ನಿಮಗಽ. ಕುಂದರ್ರಿ" ಎಂದೆ.

ಎಂಟು ಮಂದಿ ಹಿರಿಯರು ಕುಳಿತರು. ಒಂಬತ್ತನೆಯ ಕುರ್ಚಿಯ ಮೇಲೆ ದೊಡ್ಡಪ್ಪನವರು ತಮ್ಮ ರುಮಾಲು ತೆಗೆದಿಟ್ಟರು. ನಾನು ಎಲ್ಲರಿಗೂ ನೀರು ಕೊಟ್ಟೆ.

ತಲೆ ಎತ್ತಿದಾಗ ಹಂದರದ ಬಾಯಲ್ಲಿ ಮಾಸ್ತರು ನಿಂತಿದ್ದರು. ಸನಾದಿಯ ಮುದುಕ ಏನೂ ತಿಳಿಯದೆ ಕುರ್ಚಿಯ ಕಡೆ ಒಂದು ಹೆಜ್ಜೆ ಇಟ್ಟಿದ್ದ. ಮಾಸ್ತರು ಆ ಉದ್ದನೆಯ ತೋಳು ಚಾಚಿ ಅವನನ್ನು ತಡೆದರು. ನನ್ನ ಕಡೆ ನೋಡಿದರು, ಸಿಟ್ಟಿನಿಂದಲ್ಲ. ನಾನು ಖಾಲಿ ತಾಟು ಹಿಡಿದು ಅಡುಗೆ ಮನೆಗೆ ಓಡಿದೆ. ಮಾವನವರು ಹಿಂದಿನಿಂದ ಬಂದು, "ಇರಲಿ ಬಿಡು, ಬೀಗರನ್ನ ಹೆಂಗ ಎಬ್ಬಸೂದು" ಎಂದರು.

ವಧುವರರ ಮೇಲೆ ಅಕ್ಕಿಕಾಳು ಬಿದ್ದವು. ಒಳಗೆ ಒಲೆಯ ಮುಂದೆ ನಿಂತು ಕಿವಿಗೊಟ್ಟೆ. ಹೊಸ ಬಾಜಾ ಏಳಲಿಲ್ಲ. ಎಲ್ಲ ಲಗ್ನಗಳಲ್ಲಿ ಊದುವುದನ್ನೇ ಊದಿದರು, ಕಂಬಕ್ಕೆ ಆತು ನಿಂತು. ಬ್ಯಾಂಡು ಛಲೋ ಐತಿ ಎಂದು ದೊಡ್ಡಪ್ಪನವರು ಹೊಗಳಿದರಂತೆ.

ಮರುದಿನ ಗೋಡೆಯ ಹತ್ತಿರ ಹೋದೆ. ಮಾಸ್ತರು ಹುಣಸೆಹಣ್ಣು ಹಚ್ಚಿ ಪೀಪಿ ತಿಕ್ಕುತ್ತಿದ್ದರು. "ನನ್ನ ಬಾಯಿಂದಽ ಬಂತ್ರಿ ಮಾಸ್ತರ" ಎಂದೆ.

"ಕೇಳಿಸ್ತ್ರಿ" ಎಂದರು. ಪೀಪಿ ಹೊರಳಿಸಿ ಇನ್ನೊಂದು ಮಗ್ಗುಲು ತಿಕ್ಕಿದರು. ಆಮೇಲೆ, "ಕುಂದರ್ರಿ ಅಂತ ಭಾಳ ಛಲೋ ಅಂದ್ರಿ ತಾಯಿ. ಒಂದು ಸಲ ನಮಗೂ ಯಾರರ ಹಂಗ ಅಂದಾರು ಅಂತ ತಿಳಿದಿದ್ದೆ" ಎಂದರು.

ಅವರು ಬೈದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲವೇನೋ.

ಮುಂದೆ ಕಾಲ ಕೆಟ್ಟಿತು. ನಿಜಾಮನ ಆಡಳಿತದ ಕೊನೆಯ ದಿನಗಳು, ಊರೂರಲ್ಲಿ ಗಲಾಟೆ, ಲಗ್ನಗಳೂ ವಾದ್ಯವಿಲ್ಲದೆ ನಡೆದವು. ಮಾಸ್ತರ ಮಂದಿ ಮುನಿರಾಬಾದಿನ ಕಡೆ ಅಣೆಕಟ್ಟಿನ ಕಲ್ಲು ಹೊರಲು ಹೋದರು. ಮಾಸ್ತರು ಒಂದು ಬೆಳಿಗ್ಗೆ ಕಪ್ಪು ಪೆಟ್ಟಿಗೆ ಹಿಡಿದು ಸ್ಟೇಷನ್ನಿಗೆ ಹೋದರಂತೆ. ಹೈದರಾಬಾದಿನಲ್ಲಿ ಕಂಡೆ ಎಂದು ಒಬ್ಬರು, ಇಲ್ಲ ಮುಂಬೈಯಲ್ಲಿ ಎಂದು ಇನ್ನೊಬ್ಬರು... ಆಮೇಲೆ ಯಾರೂ ಕಂಡೆ ಎನ್ನಲಿಲ್ಲ. ಗೋಡೆಯ ಮೇಲೆ ಅರ್ಧ ಉಳಿದ ಒಂದು ಸ್ನೋ ಡಬ್ಬಿ ಇತ್ತು. ನನಗೆಂದು ಬಿಟ್ಟರೋ ಮರೆತು ಬಿಟ್ಟರೋ ತಿಳಿಯದು. ಅದು ಒಣಗಿ ಸುಣ್ಣವಾಗುವವರೆಗೂ ಇಟ್ಟುಕೊಂಡಿದ್ದೆ, ಮುಖಕ್ಕೆ ಮಾತ್ರ ಹಚ್ಚಲಿಲ್ಲ.

ಮೊನ್ನೆ ಮದುಮಗಳ ಕೋಣೆಯಿಂದ ನಾನು ನೇರ ಹೊರಗೆ ಬಂದೆ. ಕಲ್ಯಾಣ ಮಂಟಪದ ಗೋಡೆಗೆ ನೂರಾರು ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದರು. ರಸ್ತೆಯ ಮಗ್ಗುಲಿಗೆ, ಬಿಸಿಲಿನಲ್ಲಿ, ಬ್ಯಾಂಡಿನ ಹುಡುಗರು ನಿಂತು ಊದುತ್ತಿದ್ದರು. ಜಗ್ಗುವ ಪೀಪಿ ಅವರಲ್ಲಿ ಯಾರ ಹತ್ತಿರವೂ ಇರಲಿಲ್ಲ. ಮೊಮ್ಮಗನನ್ನು ಕರೆದು ಒಂಬತ್ತು ಕುರ್ಚಿ ಹಾಕಿಸಿದೆ, ಎರಡು ಸಾಲು. ಅಜ್ಜಿಗೆ ಅರಳುಮರಳು ಎಂಬಂತೆ ನೋಡುತ್ತಲೇ ಹಾಕಿದ. ನಾನೇ ಹೋಗಿ, ಆ ಹುಡುಗರ ಮುಂದೆ ನಿಂತು, ಗಟ್ಟಿಯಾಗಿ ಹೇಳಿದೆ.

"ಇವು ನಿಮಗ. ಕುಂದರ್ರಿ."

ಹುಡುಗರು ಒಬ್ಬರನ್ನೊಬ್ಬರು ನೋಡಿ ನಕ್ಕರು. "ಬ್ಯಾಡ್ರಿ ಅಜ್ಜಿ. ನಮಗ ನಿಂತ ರೂಢಿ ಐತಿ, ಕುಂತ್ರ ಊದಾಕ ಬರೂದಿಲ್ಲ" ಎಂದ ಅವರಲ್ಲಿ ದೊಡ್ಡವನು. ತನ್ನ ಟೋಪಿ ತೆಗೆದು ಒಂದು ಕುರ್ಚಿಯ ಮೇಲಿಟ್ಟು ಮತ್ತೆ ಊದಲು ನಿಂತ.

ಒಳಗಿನಿಂದ ಅಕ್ಕಿಕಾಳಿಗೆ ಕರೆದರು. ನಾನು ಹೋಗಲಿಲ್ಲ. ಆ ಖಾಲಿ ಕುರ್ಚಿಗಳ ಹತ್ತಿರ, ಹುಡುಗರ ಜೊತೆ, ಹಾಡು ಮುಗಿಯುವವರೆಗೆ ನಿಂತೇ ಇದ್ದೆ.