ಕರೆಂಟು ಕೊಡದ ಸುನಂದಾ

ಕರೆಂಟು ಬಂದರೆ ಸರ್ಕಾರದ್ದು, ಹೋದರೆ ಸುನಂದಾಳದು. ತಿಪಟೂರಿನ ಅಂಚಿನ ಸಬ್‌ಸ್ಟೇಷನ್ನಿನಲ್ಲಿ ಹನ್ನೊಂದು ವರ್ಷದಿಂದ ಆಪರೇಟರ್ ಆಗಿರುವ ಅವಳನ್ನು ಸುತ್ತಲಿನ ಬಡಾವಣೆ ಹಾಗೆಯೇ ನೋಡುತ್ತಿತ್ತು. ಅಂಗಡಿಯಲ್ಲಿ ಬದನೆಕಾಯಿ ಆರಿಸುವಾಗಲೂ ಬೈಗುಳ ತಪ್ಪುತ್ತಿರಲಿಲ್ಲ. ನೆಂಟರ ಮದುವೆಯಲ್ಲಿ ಫ್ಯಾನು ನಿಂತರೂ ಅವಳು ಎಲೆಯ ಮುಂದಿನಿಂದ ಎದ್ದೇಬಿಡುತ್ತಿದ್ದಳು. ಪಾಪ, ಒಂದು ತುತ್ತು ನೆಮ್ಮದಿಯಾಗಿ ತಿಂದ ಹೆಂಗಸಲ್ಲ.

ಆ ಮಂಗಳವಾರ ಬೆಳಿಗ್ಗೆ ನಂಜುಂಡಪ್ಪನ ತೋಟದ ತೆಂಗಿನ ಗರಿಯೊಂದು ಲೈನಿನ ಮೇಲೆ ಬಿತ್ತು. ಲೈನ್‌ಮನ್ ಚಿಕ್ಕಹನುಮಯ್ಯ ಫೋನು ಮಾಡಿ, ಕಂಬ ಹತ್ತಬೇಕು, ಕರೆಂಟು ತೆಗೆಯಿರಿ ಎಂದು ಲೈನ್ ಕ್ಲಿಯರ್ ಕೇಳಿದ. ಸುನಂದಾ ಆ ಲೈನು ಆಫ್ ಮಾಡಿ, ಸ್ವಿಚ್ಚಿಗೆ ಕೆಂಪು ಬೋರ್ಡು ತೂಗುಹಾಕಿ, ಪುಸ್ತಕದಲ್ಲಿ ಅವನ ಹೆಸರು ಬರೆದಳು. ಲೈನ್ ಕ್ಲಿಯರ್ ಕೇಳಿದವನೇ ತನ್ನ ಬಾಯಲ್ಲಿ 'ಕೆಲಸ ಮುಗೀತು' ಎನ್ನುವವರೆಗೆ ಮತ್ತೆ ಆನ್ ಮಾಡುವಂತಿಲ್ಲ.

ಒಂದು ಗಂಟೆ ಕಳೆಯಿತು. ಪಕ್ಕದ ಬೀದಿಯ ವಿಮಲಮ್ಮ ನೆನೆಸಿದ ಅಕ್ಕಿಯ ಪಾತ್ರೆ ಹಿಡಿದೇ ಗೇಟಿಗೆ ಬಂದಳು.

"ಮನೇಲಿ ನೆಂಟ್ರು ಕೂತವ್ರೆ ಕಣೇ. ಸ್ವಿಚ್ಚು ಒತ್ತಕ್ಕೂ ಮುಹೂರ್ತ ನೋಡ್ತೀಯಾ?"

ಸುನಂದಾ ಕಿಟಕಿಗೂ ಸ್ವಿಚ್ಚಿಗೂ ನಡುವೆ ಶತಪಥ ಹಾಕುತ್ತಿದ್ದಳು. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಚಿಕ್ಕಹನುಮಯ್ಯನ ನಂಬರು! ಹೋದ ಜೀವ ಬಂದಂತಾಗಿ ಬೋರ್ಡು ತೆಗೆಯಲು ಕೈ ಚಾಚಿಯೇ ಫೋನೆತ್ತಿದಳು. ದನಿ ಮಾತ್ರ ನಂಜುಂಡಪ್ಪನದು.

"ಗರಿ ತೆಗ್ದಾಯ್ತು ಕಣಮ್ಮಾ. ಕರೆಂಟು ಬುಡಿ, ಸಸಿಗೆ ನೀರು ಹಾಯಿಸ್ಬೇಕು."

"ಫೋನು ಚಿಕ್ಕಹನುಮಯ್ಯಂಗೆ ಕೊಡಿ."

"ಅವ್ನೆಲ್ಲಿ ಮಾತಾಡ್ತಾನೆ? ಫೋನು ನನ್ ಕೈಗೆ ಕೊಟ್ಟು, ತಂತಿ ಸಡ್ಲಾಗೈತೆ ಅಂತ ಬಿಗೀತಾ ಕಂಬದ ಮ್ಯಾಲವ್ನೆ. ಗರಿ ತೆಗ್ದಾಯ್ತಲ್ಲ, ನೀವು ಬುಡಿ!"

ಸುನಂದಾ ಬೋರ್ಡಿನಿಂದ ಕೈ ಹಿಂದೆಳೆದುಕೊಂಡಳು. ಮುದುಕ ನಂಜುಂಡಪ್ಪನಿಗೆ ಕೆಟ್ಟ ಬುದ್ಧಿಯೇನಿಲ್ಲ; ತೆಂಗು ಬೆಳೆದವನಿಗೆ ಗರಿ ಹೋಯಿತೆಂದರೆ ಕೆಲಸ ಮುಗಿದಂತೆ. ಅದು ಗೊತ್ತಿದ್ದೂ ಅವಳಿಗೆ ಸಿಟ್ಟು, ಭಯ, ಅಳು ಒಟ್ಟಿಗೇ ಬಂದವು.

"ಅವರು ಇಳಿದು ಮಾತಾಡೋವರ್ಗೂ ಕೊಡಲ್ಲ!" ಎಂದು ಕೂಗಿ ಫೋನಿಟ್ಟಳು.

ಕೂಗು ಕೇಳಿ ಗೇಟಿನಲ್ಲಿ ಇನ್ನೂ ನಾಲ್ಕು ಜನ ಸೇರಿದರು. ಅವಳು ಕುರ್ಚಿಗೆ ಬಂದು ಕೂತಾಗ ಮತ್ತೆ ಫೋನು. ಈ ಸಲ ಚಿಕ್ಕಹನುಮಯ್ಯನ ಹೆಂಡತಿ ಮರಿಯಮ್ಮ, ಅದೇ ಬಡಾವಣೆಯವಳು.

"ಇನ್ನೆಷ್ಟೊತ್ತು ಸತಾಯಿಸ್ತೀರಾ ಅಕ್ಕಾ? ತೊಟ್ಟೀಲಿ ಹನಿ ನೀರಿಲ್ಲ. ನಮ್ಮನೆಯೋರ ಕೈಲೇ ಹೇಳಿಸ್ಬೇಕಾ?"

ಸುನಂದಾ ಕೆಂಪು ಬೋರ್ಡಿನ ಕಡೆ ನೋಡಿದಳು.

"ಹ್ಞೂಂ ಕಣೇ ಮರಿಯಮ್ಮ, ಅವರ ಕೈಲೇ ಹೇಳಿಸು," ಎಂದಳು. "ಅವರು ಹೇಳಿದ ತಕ್ಷಣ ಕೊಡ್ತೀನಿ."