ರಸದಾನಿಯ ಪಾಠ

ಮೊನ್ನೆ ಕೆಂಪು ಉಳ್ಳಾಗಡ್ಡಿ ಹೆಚ್ಚುವಾಗ ಅದರ ತೆಳು ಪೊರೆಯೊಂದು ಬೆರಳಿಗೆ ಅಂಟಿಕೊಂಡಿತು. ಸುಮ್ಮನೆ ಬೆಳಕಿಗೆ ಹಿಡಿದು ನೋಡಿದೆ. ನಲವತ್ತು ವರ್ಷದ ಹಿಂದಿನ ನಮ್ಮೂರು ಸಂಶಿ, ಸಾಲಿಯಲ್ಲಿ ನಮಗೆ ವಿಜ್ಞಾನ ಕಲಿಸುತ್ತಿದ್ದ ಅಕ್ಕೋರು... ಅಡುಗೆ ಅಲ್ಲಿಗೇ ನಿಂತಿತು.

ಅಕ್ಕೋರು ನಮ್ಮ ಬಾಜು ಮನೆಯಲ್ಲೇ ಬಾಡಿಗೆಗಿದ್ದರು. ಗಂಡನಿಗೆ ದೂರದ ಊರಲ್ಲಿ ನೌಕರಿ. ಇವರ ಜೊತೆ ಮೂರು ವರ್ಷದ ಮಗಳು ಮಾತ್ರ. ನಾನಾಗ ಒಂಬತ್ತನೇ ಇಯತ್ತೆ, ಇಡೀ ಸಾಲಿಗೆ ನಾನೇ ಶಾಣ್ಯಾಕಿ ಎಂಬ ಸೊಕ್ಕು ಬೇರೆ. ಸಾಲಿಯಲ್ಲಿದ್ದದ್ದು ಒಂದೇ ಸೂಕ್ಷ್ಮದರ್ಶಕ. ಅದರಡಿ ಉಳ್ಳಾಗಡ್ಡಿ ಪೊರೆ ಇಟ್ಟು ತೋರಿಸಿದರು: ಇಟ್ಟಂಗಿ ಜೋಡಿಸಿದ ಹಾಗೆ ಜೀವಕೋಶಗಳು, ಒಂದೊಂದರ ತುಂಬ ರಸದಾನಿ ಎಂಬ ದೊಡ್ಡ ಚೀಲ, ಅದರೊಳಗೆ ನಸುಗೆಂಪು ಕೋಶರಸ. ಗಿಡಕ್ಕೆ ಎಲುಬಿಲ್ಲ, ಈ ರಸ ಒಳಗಿನಿಂದ ಒತ್ತಿ ಹಿಡಿಯುವುದರಿಂದಲೇ ಎಲೆ ಸೆಟೆದು ನಿಲ್ಲುತ್ತದೆ ಎಂದರು. ಆಮೇಲೆ ಒಂದು ಹನಿ ಉಪ್ಪುನೀರು ಬಿಟ್ಟರು. ನೋಡನೋಡುತ್ತ ರಸದಾನಿಯ ನೀರು ಹೊರಗೆ ಹೋಗಿ ಕೆಂಪು ನಡುವೆ ಮುದುಡಿಕೊಂಡಿತು. ಸಾದಾ ನೀರು ಬಿಟ್ಟಾಗ ಮತ್ತೆ ತುಂಬಿತು. ಮನೆಗೆ ಬಂದು ಅವ್ವನಿಗೂ ಈ ಪಾಠ ಹೇಳಿದೆ.

ಅದೇ ವಾರ ಅಕ್ಕೋರ ಮಗಳಿಗೆ ವಾಂತಿ-ಭೇದಿ ಹತ್ತಿತು. ಮಳೆಗೆ ಎರೆಮಣ್ಣಿನ ದಾರಿ ಕೆಸರಾಗಿ ಬಸ್ಸು ನಿಂತಿತ್ತು, ಅವ್ವ ತವರಿಗೆ ಹೋಗಿದ್ದಳು. ಬಾಜು ಊರಿನ ಡಾಕ್ಟರನ್ನು ಕರೆತರಲು ಅಕ್ಕೋರು ನಡೆದೇ ಹೊರಟರು.

"ಸಕ್ಕರಿ, ಉಪ್ಪು ಹಾಕೇನಿ. ನಾ ಬರೂತನಾ ಗುಟುಕು ಗುಟುಕು ಕುಡಸಕೋತ ಇರು," ಎಂದು ತಂಬಿಗೆಯನ್ನು ನನ್ನ ಕೈಗಿತ್ತರು.

ಕೂಸಿನ ಕಣ್ಣು ಗುಳಿಬಿದ್ದಿದ್ದವು, ತುಟಿ ಒಣಗಿದ್ದವು. ಉಪ್ಪು ಮೈಯಲ್ಲಿ ಉಳಿದ ನೀರನ್ನೂ ಹಿಂಡಿಬಿಡುತ್ತದೆ, ಗಾಬರಿಯಲ್ಲಿ ಅಕ್ಕೋರು ತಮ್ಮ ಪಾಠ ತಾವೇ ಮರೆತಿದ್ದಾರೆ ಎಂದುಕೊಂಡೆ. ತಂಬಿಗೆಯ ನೀರನ್ನು ಬಚ್ಚಲಿಗೆ ಚೆಲ್ಲಿ, ಕೊಡದ ಸಾದಾ ನೀರು ತುಂಬಿಕೊಂಡು ಕುಡಿಸುತ್ತ ಕೂತೆ. ಅಲ್ಪವಿದ್ಯೆ ಮಹಾಗರ್ವ ಅಂತಾರಲ್ಲ... ಬಂದ ಮೇಲೆ ಅಕ್ಕೋರು ಶಾಬಾಸ್ ಅಂದಾರು ಎಂದೂ ಕಾದೆ. ಕೂಸು ಕುಡಿದಷ್ಟೂ ಹೊರಗೆ ಹೋಗುತ್ತಿತ್ತು. ಡಾಕ್ಟರು ಬರುವ ಹೊತ್ತಿಗೆ ಕೈಕಾಲು ತಣ್ಣಗಾಗಿದ್ದವು. ಸಂಜೆಗೆ ಜೀವ ಹೋಯಿತು.

ವರ್ಗಾವಣೆ ಮಾಡಿಸಿಕೊಂಡು ಊರು ಬಿಡುವ ದಿನ ಅಕ್ಕೋರು ನಮ್ಮ ಮನೆಗೆ ಬಂದು ನನ್ನ ಕೈ ಹಿಡಿದುಕೊಂಡರು.

"ನಾ ಇಲ್ಲದಾಗ ನನ್ನ ಕೂಸಿನ ಬಾಯಾಗ ನೀರ ಹಾಕಿದಾಕಿ ನೀ. ನಿನ್ನ ಋಣ ಹೆಂಗ ತೀರಸ್ಲೆವ್ವಾ?"

ನಾನು ಬಾಯಿ ಬಿಡಲಿಲ್ಲ. ಹೆದರಿಕೆ, ನಾಚಿಕೆ, ಎರಡೂ ಇದ್ದವು.

ಉಪ್ಪು-ಸಕ್ಕರೆ ಎರಡೂ ಕೂಡಿದರೆ ಮನುಷ್ಯನ ಕರುಳು ನೀರನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ ಎಂದು ಕಾಲೇಜಿನಲ್ಲಿ ಓದಿದೆ. ಆ ನೀರನ್ನೇ ಕುಡಿಸಿದ್ದರೆ ಕೂಸು ಉಳಿಯುತ್ತಿತ್ತೇ ಎಂದು ಒಬ್ಬ ಡಾಕ್ಟರನ್ನು ಕೇಳಿದರೆ, ಈಗ ಹೇಳೂದು ಕಷ್ಟ ಎಂದರು. ಆ ಕೂಸಿನ ಒಣತುಟಿ ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಇಷ್ಟು ವರ್ಷದ ಮೇಲೆ, ಈ ವಾರ, ಎಲ್ಲ ಹೇಳಿಬಿಡಬೇಕೆಂದು ಅಕ್ಕೋರ ಫೋನ್ ನಂಬರು ಹುಡುಕಿಸಿದೆ. ಎತ್ತಿದವರು ಅವರ ತಂಗಿ. ಅಕ್ಕೋರು ಹೋದ ವರ್ಷವೇ ತೀರಿಕೊಂಡರಂತೆ. ನನ್ನ ಹೆಸರು ಕೇಳಿದ್ದೇ ಅವರು ಗುರುತು ಹಿಡಿದರು. ಅಕ್ಕ ದಿನಾ ದೇವರಿಗೆ ದೀಪ ಹಚ್ಚುವಾಗ ನಿಮಗೆ ಒಳ್ಳೆಯದಾಗಲಿ ಎಂದು ಬೇಡಿಕೊಳ್ಳುತ್ತಿದ್ದಳು ಎಂದರು.

ಆಗಲೂ ನಾನು ಬಾಯಿ ಬಿಡಲಿಲ್ಲ.