ಬೂದೆಪ್ಪನ ತೆಲುಗು

ಬೂದೆಪ್ಪನ ತೆಲುಗಿಗೆ ನಕ್ಕವರಲ್ಲಿ ನಾನೇ ಮೊದಲಿಗಳು, ಸುಳ್ಳು ಯಾಕೆ ಹೇಳಲಿ. ದೇವದುರ್ಗದ ಕಡೆಯವನು. ತೆಲುಗು ಸೀಮೆಯ ಈ ಮಾದಾಪುರದಲ್ಲಿ ಗಾಜಿನ ಕಟ್ಟಡಗಳು ಏಳುವ ಮೊದಲೇ ಬಂದು, ಮಳೆಗಾಲದ ಗ್ಯಾಂಗಿನಲ್ಲಿ ಮೋರಿ ಬಳಿಯುವ ಕೆಲಸಕ್ಕೆ ನಿಂತವನು. ಹದಿನೈದು ವರ್ಷವಾದರೂ ಅವನ ತೆಲುಗು ಎಂದರೆ ಕನ್ನಡಕ್ಕೆ 'ಇದೆ' ಎನ್ನುವ ಒಂದು 'ಉಂದಿ' ಅಂಟಿಸಿದ್ದು, ಅಷ್ಟೇ. ನನ್ನ ಕಿರಾಣಿ ಅಂಗಡಿಗೆ ಬಂದು "ಬೆಲ್ಲ ಉಂದಿ?" ಎನ್ನುವನು.

"ನಾ ಧಾರವಾಡದಾಕಿ ಮಾರಾಯಾ, ಕನ್ನಡದಾಗ ಕೇಳೋ!"

"ಪ್ರಾಕ್ಟೀಸ್ ಮಾಡಾಕತ್ತೀನ್ರಿ ಶೈಲಕ್ಕಾರ."

ಪ್ರತಿ ಮೇ ತಿಂಗಳು ಮುನ್ಸಿಪಾಲಿಟಿ ಆಫೀಸಿನವರು ಮಳೆಗಾಲದ ಪ್ಲಾನು ಮಾಡುತ್ತಿದ್ದರು. ದಪ್ಪ ಫೈಲು, ಬಣ್ಣದ ನಕ್ಷೆ, ಜೊತೆಗೆ ಸಮೋಸ. ಅಷ್ಟಾದರೂ ನಮ್ಮ ರಸ್ತೆಯ ಕೆಳಗಿನ ಮೋರಿ ಆ ನಕ್ಷೆಯಲ್ಲಿ ಇರಲೇ ಇಲ್ಲ. ಅದು ಇದ್ದದ್ದು ಬೂದೆಪ್ಪನ ತಲೆಯಲ್ಲಿ. ಎಷ್ಟು ಮಳೆಗೆ ಎಲ್ಲಿ ನೀರು ತುಂಬುತ್ತದೆ, ಮೊದಲು ಯಾರ ಗುಡಿಸಲಿಗೆ ನುಗ್ಗುತ್ತದೆ, ಎಲ್ಲ ಅವನಿಗೆ ಬಾಯಿಪಾಠ. ಮೊದಲು ನುಗ್ಗುವುದು ಅವನ ಗುಡಿಸಲಿಗೇ.

ಆ ವರ್ಷ ಜುಲೈನಲ್ಲಿ, ಹೊಸ ಕಂಪನಿ ಕಟ್ಟಡದ ಪಾಯಕ್ಕೆಂದು ಬಂಡೆ ಸಿಡಿಸಿದಾಗ ಎಮ್ಮೆಯಷ್ಟು ದೊಡ್ಡ ಕಲ್ಲೊಂದು ಉರುಳಿ ಮೋರಿಯ ಬಾಯಿಗೆ ಕೂತುಬಿಟ್ಟಿತು. ಮಳೆ ಬಂದರೆ ನೀರು ಸೀದಾ ಗುಡಿಸಲುಗಳಿಗೆ. ಬೂದೆಪ್ಪ ಎರಡು ದಿನ ಆಫೀಸಿಗೆ ಎಡತಾಕಿ ಬಂದ. ಏನು ಹೇಳಿದನೋ, ಯಾರೂ ಬರಲಿಲ್ಲ. ಬುಧವಾರ ಬೆಳಿಗ್ಗೆ ಮೋಡ ಕಪ್ಪಾಗಿ ಇಳಿದಿತ್ತು. ಅವನು ನನ್ನ ಅಂಗಡಿಯ ರೂಪಾಯಿ ಫೋನಿಗೆ ಬಂದು ನಿಂತ.

"ಸಾರ್! ಮೋರೀಲೋ ಕಲ್ಲು ಉಂದಿ! ಭಾಳ ಕಲ್ಲು ಉಂದಿ!"

ಅಯ್ಯೋ ಶಿವನೇ! ತೆಲುಗಿನಲ್ಲಿ ಕಲ್ಲು ಎಂದರೆ ಹೆಂಡ. ಅತ್ತಲಿಂದ ಆಫೀಸಿನ ಫೋನಿನವನು ಕಿರುಚಿದ್ದು ನನಗೂ ಕೇಳಿಸಿತು: "ಪೊದ್ದುಗಾಲನೇ ತಾಗಿನವಾ?" ಬೆಳಗಾಗುತ್ತಲೇ ಕುಡಿದಿದ್ದೀಯಾ ಎಂದು ಅರ್ಥ. ನಮ್ಮ ಮಹಾಶಯ ಮೊಣಕಾಲು ನೀವಿಕೊಳ್ಳುತ್ತಾ, "ತಾಗಿನ ಸಾರ್, ಶಾನಾ ತಾಗಿನ!" ಎಂದ. ಬಹಳ ಕುಡಿದೆ ಎಂದಂತಾಯಿತು. ಕಲ್ಲು ಕಾಲಿಗೆ ತಾಗಿತೇ ಎಂದು ಕೇಳಿದರೆಂದು ತಿಳಿದನಲ್ಲ ಎಂದು ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಹಣೆ ತುಂಬ ವಿಭೂತಿ, ಶೇಂದಿ ಅಂಗಡಿ ಕಂಡರೆ ರಸ್ತೆ ದಾಟಿ ಆಚೆ ಮಗ್ಗುಲಿಗೆ ಹೋಗುವ ಮನುಷ್ಯ! ಅವನು ಮಾತ್ರ ಫೋನಿಟ್ಟು ಸುಮ್ಮನೆ ಮೋರಿಯ ಕಡೆ ನಡೆದ.

ಇಪ್ಪತ್ತೇ ನಿಮಿಷ. ಕುಡುಕನನ್ನು ಕೈಯಾರೆ ಹಿಡಿಯಲು ಸೂಪರ್‌ವೈಸರ್ ಜೀಪಿನಲ್ಲಿ ಬಂದಿಳಿದ. ಬೂದೆಪ್ಪನ ಬಾಯಿ ತೆರೆಸಿ ಮೂಸಿದ. ಉಳ್ಳಾಗಡ್ಡಿ ವಾಸನೆ ಬಿಟ್ಟರೆ ಏನೂ ಇಲ್ಲ. "ಕಲ್ಲು ಎಕ್ಕಡ?" ಎಂದು ಗದರಿದ. ಬೂದೆಪ್ಪ ಬೆರಳು ತೋರಿಸಿದ. ಸೂಪರ್‌ವೈಸರ್ ಬಗ್ಗಿ ನೋಡಿದವನೇ "ಅಮ್ಮೋ, ರಾಯಿ!" ಎಂದು ಹೌಹಾರಿ ಜೆಸಿಬಿಗೆ ಫೋನು ಹಚ್ಚಿದ. ಅದು ಬರುವಷ್ಟರಲ್ಲಿ ಮಳೆ ಹುಯ್ಯತೊಡಗಿತ್ತು. ಕಲ್ಲು ಮೇಲೆದ್ದಾಗ ನೀರು ಬೂದೆಪ್ಪನ ಹೆಂಡತಿ ಗಂಗಾಬಾಯಿಯ ಹೊಸ್ತಿಲು ಮುಟ್ಟಿತ್ತು, ದಾಟಿರಲಿಲ್ಲ. ನನಗೆ ಅಳುವೇ ಬಂತು.

ಆದರೆ ಫೋನಿನವನು ರಿಜಿಸ್ಟರಿನಲ್ಲಿ 'ಕುಡಿದಿದ್ದಾಗಿ ಒಪ್ಪಿಕೊಂಡ' ಎಂದು ಬರೆದಾಗಿತ್ತು. ಅದನ್ನು ಯಾರೂ ಹೊಡೆದುಹಾಕಲಿಲ್ಲ. ಮರುವರ್ಷ ಅವನನ್ನು ಗ್ಯಾಂಗಿಗೆ ತೆಗೆದುಕೊಳ್ಳಲಿಲ್ಲ. ಕಟ್ಟಡದ ಕೂಲಿಗೆ ಹೋಗತೊಡಗಿದ.

ಒಂದು ದಿನ ಅಂಗಡಿಗೆ ಬಂದಾಗ ತಡೆಯಲಾರದೆ ರೇಗಿದೆ. "ತೆಲುಗಿನಾಗ ಕಲ್ಲಿಗೆ ರಾಯಿ ಅಂತಾರೋ ಹುಚ್ಚಪ್ಪಾ! ಅಷ್ಟು ಗೊತ್ತಿದ್ದಿದ್ರ ಕೆಲಸ ಉಳೀತಿತ್ತು."

"ಗೊತ್ತೈತ್ರಿ ಅಕ್ಕಾರ," ಎಂದ ಬೂದೆಪ್ಪ. "ಎರಡು ದಿನ ರಾಯಿ ರಾಯಿ ಅಂತಾನ ಹೊಯ್ಕೊಂಡೆ. ಯಾರ್ ಬಂದ್ರು?"

ಅವನು ಚೀಲ ಮುಂದೆ ಹಿಡಿದು ಕೇಳಿದ: "ಬೆಲ್ಲ ಉಂದಿ?"

"ಉಂದಿ," ಎಂದೆ. ನಗಲಿಲ್ಲ.